ಮಣ್ಣೆತ್ತಿಗೆ ಯಾಕ ಕೈಮುಗೀಬೇಕು?

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಒಂದು ವಾದ ಶುರುವಾಗುತ್ತದೆ. ಸೊಸೆ ವಚನ ಓದುವವಳು. ಬಾಯಿಪಾಠಕ್ಕೆಂದು ಓದುವುದಿಲ್ಲ, ತಿಳಿದು ಓದುತ್ತಾಳೆ. "ಅತ್ತೀ, ಮಣ್ಣಿನ ದೇವ್ರು, ಕಟ್ಟಿಗಿ ದೇವ್ರು ದೇವ್ರಲ್ಲಂತ ಶರಣ್ರು ಎಂಟನೂರು ವರ್ಷದ ಹಿಂದ ಹೇಳಿ ಹೋಗ್ಯಾರ. ನಾವು ಕೊಳ್ಳಾಗ ಲಿಂಗ ಕಟ್ಕೊಂಡ ಮಂದಿ. ಹುಡುಗರ ಕೈಲೆ ಎತ್ತು ಮಾಡಸ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಅದಕ್ಕ ಕೈ ಯಾಕ ಮುಗಸ್ತೀರಿ?"

ನಾನು ಸರಕಾರಿ ಕನ್ನಡ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು. ತರಗತಿಯಲ್ಲಿ ಯಾರಾದರೂ ಇಂಥದ್ದು ಕೇಳಿದ್ದರೆ 'ಕೂಡು, ಆಮ್ಯಾಲ ಹೇಳ್ತೀನಿ' ಅಂದು ಪಾರಾಗಬಹುದಿತ್ತು. ಸೊಸೆಯ ಮುಂದೆ ಆ ಆಟ ನಡೆಯುವುದಿಲ್ಲ. ಅವಳ ಮಾತಿನಲ್ಲಿ ಹುರುಳೂ ಇದೆ. ಹೂರಣಕ್ಕೆ ಬೇಳೆ ಕುದಿಯುವಾಗ, ಹಿತ್ತಲಲ್ಲಿ ಮೊಮ್ಮಕ್ಕಳ ಜೊತೆ ಕೂತು ಮಣ್ಣು ನಾದುವಾಗ ಇದೇ ತಲೆಯಲ್ಲಿ ತಿರುಗುತ್ತಿರುತ್ತದೆ. ದೇವರು ಇದ್ದಾನೋ ಇಲ್ಲವೋ, ಮಣ್ಣಿನಲ್ಲಿದ್ದಾನೋ ಎದೆಯಲ್ಲಿದ್ದಾನೋ ಎಂದು ಹೇಳುವಷ್ಟು ಓದಿದವಳಲ್ಲ ನಾನು. ಸಣ್ಣ ಮಕ್ಕಳ ಕೈಯನ್ನು ಮಾತ್ರ ಬಹಳ ನೋಡಿದ್ದೇನೆ. ಆ ಕಡೆಯಿಂದಲೇ ಉತ್ತರ ಹುಡುಕಬೇಕಾಗಿದೆ.

ಈ ಅಮಾವಾಸ್ಯೆಯ ಹೊತ್ತಿಗೆ ನಮ್ಮೂರು ಧುಪದಾಳದಲ್ಲಿ ಹೊಳೆಯ ಬಣ್ಣ ತಿರುಗಿರುತ್ತದೆ. ಮೇಲೆ ಸಹ್ಯಾದ್ರಿಯ ಕಡೆ ಮಳೆ ಹಿಡಿದರೆ ಘಟಪ್ರಭೆ ಕೆಂಪಾಗಿ ಬರುತ್ತಾಳೆ. ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಟ್ಟಿದ ನಮ್ಮೂರ ಒಡ್ಡಿನ ಮೇಲೆ ಆ ಕೆಂಪು ನೀರು ಹಾಯುವುದನ್ನು ನೋಡಲು ಮಕ್ಕಳು ಕಾಡುತ್ತಾರೆ. ಚಳಿಗಾಲದಲ್ಲಿ ಇದೇ ಹಿನ್ನೀರಿಗೆ ದೂರದೇಶದ ಕೊಕ್ಕರೆಗಳು ಬಂದು ಇಳಿಯುತ್ತವೆ. ಅದಕ್ಕೇ ಇಲ್ಲಿ ಪಕ್ಷಿಧಾಮವಿದೆ. ಆಷಾಢದ ಮುಂಚಿನ ಈ ದಿನಗಳಲ್ಲಿ ಮಾತ್ರ ಎಲ್ಲರ ಕಣ್ಣೂ ನೀರಿನ ಮೇಲೆ, ಮಣ್ಣಿನ ಮೇಲೆ.

ಮಣ್ಣು ಎರಡು ಬಗೆಯದು ತರಿಸುತ್ತೇನೆ. ಒಂದು ನಮ್ಮ ಹೊಲದ ಎರಿಮಣ್ಣು, ಇನ್ನೊಂದು ಕುಂಬಾರರ ಮನೆಯಲ್ಲಿ ಹದಮಾಡಿಟ್ಟದ್ದು. ಹಿಂದೆಲ್ಲ ಕುಂಬಾರರೇ ಎತ್ತು ಮಾಡಿ ಒಕ್ಕಲಿಗರ ಮನೆಮನೆಗೆ ಕೊಟ್ಟು ಕಾಳು ಒಯ್ಯುತ್ತಿದ್ದರು. ಈಗಲೂ ಕೊಡುತ್ತಾರೆ, ಹೆಚ್ಚಾಗಿ ರೊಕ್ಕಕ್ಕೆ. ಪೂಜೆಗೆ ಆ ಜೋಡಿ ಇದ್ದೇ ಇರುತ್ತದೆ. ಮಕ್ಕಳದ್ದು ಬೇರೆ, ಅದನ್ನು ಅವರೇ ಮಾಡಬೇಕು. ಎರಿಮಣ್ಣಿನ ಎತ್ತು ನೆರಳಲ್ಲಿಟ್ಟರೂ ಒಣಗುತ್ತ ಬಿರಿಯುತ್ತದೆ, ಕುಂಬಾರರ ಮಣ್ಣಿನದು ಅಷ್ಟು ಬಿರಿಯುವುದಿಲ್ಲ. ಯಾಕೆಂದು ನಾನು ಹೇಳುವುದಿಲ್ಲ. ಮೊಮ್ಮಗಳು ಎರಡನ್ನೂ ಬೆರಳಲ್ಲಿ ತಿಕ್ಕಿ ನೋಡಿ, ಕುಂಬಾರರ ಮಣ್ಣಿನೊಳಗೆ ಉಸುಕಿದೆ ಅಂದಳು. ಹೊಲದಲ್ಲಿ ಬೇಸಿಗೆಗೆ ಕಾಲು ಸಿಗುವಂಥ ಬಿರುಕು ಬಿಡುವುದೂ ಇದೇ ಎರಿಮಣ್ಣು ಎಂಬುದು ಅವಳಿಗೆ ತಾನಾಗಿ ಹೊಳೆಯಿತು.

ಮೊದಲು ಮೈ, ಆಮೇಲೆ ಕಾಲು, ಹಿಣಿಲು, ಕೊನೆಗೆ ಕೊಂಬು. ಕಣ್ಣಿಗೆ ಎರಡು ಜೋಳದ ಕಾಳು. ಮೊಮ್ಮಗಳು ನಿಜವಾದ ಎತ್ತಿನ ಹಾಗೆ ಸಪೂರ ಕಾಲು ಮಾಡಿದಳು, ಮೈ ಕುಸಿದು ಕೂತಿತು. ದಪ್ಪ ಕಾಲು ಮಾಡಿದಳು, ನಿಂತಿತು. ಆದರೆ ಚಂದ ಇಲ್ಲ ಎಂದು ಮುಖ ಊದಿಸಿದಳು. ಸಣ್ಣವನಿಗೆ ನಾಲ್ಕು ವರ್ಷ, ಅವನಿಗೆ ಚಂದದ ಚಿಂತೆ ಇಲ್ಲ. ಎತ್ತು ಮುಂದಕ್ಕೆ ಮುಗ್ಗರಿಸಿದಾಗ ಒಂದು ಉಂಡೆ ತಿಕ್ಕಿ ಹೊಟ್ಟೆಯ ಕೆಳಗೆ ಐದನೆಯ ಕಾಲು ಕೊಟ್ಟ. "ಐದ ಕಾಲಿನ ಎತ್ತ ಇರ್ತದನ?" ಎಂದು ಅಕ್ಕ ಜಗಳಕ್ಕೆ ಬಂದಳು. "ನಮ್ಮದ ಐತಿ" ಅಂದ ಅವನು. ಜಾತ್ರೆಯಲ್ಲಿ ಹೆಗಲ ಮೇಲೆ ಹೆಚ್ಚಿನ ಕಾಲು ಜೋತಾಡುವ ಬಸವನನ್ನು ಜೂಲು ಹೊದಿಸಿ ತಿರುಗಿಸಿ ಕಾಸು ಕೇಳುವವರನ್ನು ನೋಡಿದ್ದೇವಲ್ಲ. ಅವರಿಗಿಂತ ಇವನದು ಪ್ರಾಮಾಣಿಕ ಐದನೆಯ ಕಾಲು. ಭಾರ ಹೊರಲೆಂದು ಇಟ್ಟದ್ದು.

ನನ್ನನ್ನು ಯೋಚನೆಗೆ ಹಚ್ಚುವುದು ಇದರ ನಂತರದ ಭಾಗ. ಮುಂಜಾನೆ ಇದು ಆಟಿಕೆ. ಬಾಯಿಂದ 'ಹೊರ್‍ರ್ ಹೊರ್‍ರ್' ಎಂದು ಅಂಗಳದಲ್ಲಿ ಹೂಡುತ್ತಾರೆ. ಮಧ್ಯಾಹ್ನ ಅದಕ್ಕೆ ಕುಂಕುಮ ಬೀಳುತ್ತದೆ, ಗೋದಲಿಯ ಮುಂದೆ ಹೋಳಿಗೆಯ ಎಡೆ. ಮೂರನೆಯ ದಿನ ಅದು ಮತ್ತೆ ಮಣ್ಣು. ನಡುವೆ ಯಾವ ಐನೋರೂ ಬರುವುದಿಲ್ಲ. ಗಣಪತಿಯನ್ನು ಕೂಡಿಸಲು, ಕಳಿಸಲು ಮಂತ್ರವಿದೆ. ಮಣ್ಣೆತ್ತಿಗೆ ಅದೂ ಇಲ್ಲ. ಮಾಡಿದ ಕೈಯೇ ಕುಂಕುಮ ಹಚ್ಚುತ್ತದೆ, ಅದೇ ಕೈ ನೀರಿಗೆ ಬಿಡುತ್ತದೆ. 2019ರ ಆಗಸ್ಟಿನಲ್ಲಿ ಹೊಳೆ ಗೋಕಾಕದ ಪೇಟೆಯೊಳಗೆ ನುಗ್ಗಿ, ಲೋಳಸೂರ ಸೇತುವೆ ಮುಳುಗಿದ್ದನ್ನು ಕಂಡ ಮೇಲೆ ತುಂಬಿದ ನೀರಿನ ಹತ್ತಿರ ಮಕ್ಕಳನ್ನು ಬಿಡುವ ಧೈರ್ಯ ನನಗಿಲ್ಲ. ಹಿತ್ತಲಲ್ಲಿ ಬಕೀಟಿನಲ್ಲಿ ಬಿಡಿಸುತ್ತೇನೆ. ಸಣ್ಣವನು ಬಕೀಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದ. ಕೊಂಬು ಮೊದಲು ಹೋಗುತ್ತವೆ, ಆಮೇಲೆ ಕಿವಿ, ಹಿಣಿಲು ಬಹಳ ಹೊತ್ತು ತಾಳುತ್ತದೆ. ಜೋಳದ ಕಾಳು ಉದುರಿ ತಳಕ್ಕಿಳಿಯುತ್ತವೆ. ರಾಡಿಯನ್ನು ಹೀರೆಬಳ್ಳಿಯ ಬುಡಕ್ಕೆ ಸುರಿದೆವು.

ಅವನಿಗೆ ಅಳು ಬರಲಿಲ್ಲ. ಅಳುತ್ತಾನೆಂದು ನಾನು ಕಾದಿದ್ದೆ, ಯಾಕೆಂದರೆ ಪ್ಲಾಸ್ಟಿಕ್ ಜೆಸಿಬಿಯ ಗಾಲಿ ಕಿತ್ತಾಗ ಊರು ಕೇಳುವ ಹಾಗೆ ಅತ್ತವನು ಅವನು. ಅಂಗಡಿಯಿಂದ ಬಂದ ವಸ್ತು ಮುರಿದರೆ ಮುಗಿಯಿತು. ಮಣ್ಣಿನದು ಎಲ್ಲಿಂದ ಬಂತು, ಹೇಗೆ ಆಯಿತು, ಎಲ್ಲಿಗೆ ಹೋಯಿತು ಎಂಬುದು ಅವನಿಗೆ ಪೂರ್ತಿ ಗೊತ್ತಿತ್ತು. 'ಇದು ದೇವರು' ಎಂದೂ ನಾನು ಹೇಳಿರಲಿಲ್ಲ, 'ಇದು ಬರೀ ಮಣ್ಣು' ಎಂದೂ ಹೇಳಿರಲಿಲ್ಲ. ಎಡೆ ಇಟ್ಟ ಹೊತ್ತಿನಲ್ಲಿ ಮಾತ್ರ ಅದನ್ನು ಎತ್ತಿ ಆಡಬಾರದು ಅಂದಿದ್ದೆ, ಆಡಲಿಲ್ಲ. ದೊಡ್ಡವರಾದ ನಾವು ಮೂರ್ತಿ ದೇವರೋ ಅಲ್ಲವೋ ಎಂದು ಹೊಡೆದಾಡುತ್ತೇವೆ. ಮಗುವಿನ ಮುಂದೆ ಇದ್ದದ್ದು ಬೇರೆ ಪ್ರಶ್ನೆ: ಈಗ ಇದನ್ನು ಹೇಗೆ ಹಿಡಿಯಬೇಕು? ಆಟಕ್ಕೆ ಒಂದು ಹಿಡಿತ, ಪೂಜೆಗೆ ಒಂದು, ನೀರಿಗೆ ಬಿಡಲು ಒಂದು. ಮೂರೂ ಅವನ ಕೈಗೆ ಬಂದವು.

ಇದರ ಬೆನ್ನಿಗೇ ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ ಬರುತ್ತಾಳೆ. ಗುಲಗಂಜಿ, ಕುಸುಬಿ ಕಾಳು ಒತ್ತಿ ಸಿಂಗರಿಸುವುದು ಹೆಣ್ಣುಮಕ್ಕಳ ಪಾಲು. ಗುಲಗಂಜಿ ನೋಡಲು ಚಂದ, ಹೊಟ್ಟೆಗೆ ಹೋದರೆ ವಿಷ. ಮನೆಯಲ್ಲಿ ಸಣ್ಣ ಹುಡುಗರಿದ್ದರೆ ಎಣಿಸಿ ಕೊಟ್ಟು ಎಣಿಸಿ ಇಸಿದುಕೊಳ್ಳಬೇಕು. ಮೊಮ್ಮಗಳಿಗೆ ಎಣಿಕೆ ಗಟ್ಟಿಯಾದದ್ದು ಹೀಗೆಯೇ. ಗೋಕಾಕದಲ್ಲಿ ಹಗುರ ಕಟ್ಟಿಗೆಯಲ್ಲಿ ಹಣ್ಣು, ಕಾಯಿಪಲ್ಯೆಯ ಆಟಿಕೆ ಕೆತ್ತಿ ನಿಜದ್ದೇ ಅನಿಸುವಂತೆ ಬಣ್ಣ ಕೊಡುವ ಮನೆತನಗಳಿವೆ, ದೇವರ ಮೂರ್ತಿಯೂ ಆ ಕೈಗಳಿಂದಲೇ ಬರುತ್ತದೆ. ಒಂದೇ ಉಳಿ, ಒಂದೇ ಕುಂಚ. ಆಟಿಕೆಗೂ ದೇವರಿಗೂ ನಡುವಿನ ಗೆರೆ ನಾವು ತಿಳಿದಷ್ಟು ದಪ್ಪವಿಲ್ಲ.

ಸೊಸೆ ಇದಕ್ಕೆ ಒಪ್ಪುವುದಿಲ್ಲ. "ನೀವು ಹೇಳೂದು ಚಂದ ಐತ್ರಿ. ಆದ್ರ ಶರಣ್ರು ಯಾಕ ಸಿಟ್ಟಾದ್ರು?" ಎನ್ನುತ್ತಾಳೆ. ಅದನ್ನು ತಳ್ಳಿಹಾಕುವಂತಿಲ್ಲ. ಶರಣರ ಸಿಟ್ಟು ಮಣ್ಣು ಮುಟ್ಟುವ ಕೈಯ ಮೇಲಿತ್ತೇ ಎಂಬುದು ನನ್ನ ಪ್ರಶ್ನೆ. ಕುಂಬಾರ ಗುಂಡಯ್ಯ ದಿನವಿಡೀ ಮಣ್ಣಿನಲ್ಲೇ ಇದ್ದವನು. ಗುಡಿ ಕಟ್ಟಿ, ಒಳಗೊಬ್ಬ ದೇವರನ್ನು ಕೂಡಿಸಿ, ಬಾಗಿಲಲ್ಲಿ ಒಬ್ಬ ಪೂಜಾರಿಯನ್ನು ನಿಲ್ಲಿಸಿ, 'ಉಳಿದದ್ದೆಲ್ಲ ಅವನು ನೋಡಿಕೊಳ್ಳುತ್ತಾನೆ' ಎಂದು ಕೈತೊಳೆದುಕೊಳ್ಳುವುದರ ಮೇಲೆ ಅವರಿಗೆ ಸಿಟ್ಟು. ಅಂಗೈಗೆ ಲಿಂಗ ಕೊಟ್ಟದ್ದು ಅದಕ್ಕೇ ಅಲ್ಲವೇ? ನಿನ್ನ ಪೂಜೆ ನೀನೇ ಮಾಡು, ನಿನ್ನ ಪರವಾಗಿ ಮಾಡಲು ಯಾರೂ ಇಲ್ಲ.

ಗೋಕಾಕದಲ್ಲಿ ಶೂನ್ಯ ಸಂಪಾದನೆಯ ಹೆಸರಿನದೇ ಮಠವಿದೆ. ಆ ಗ್ರಂಥದಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗವನ್ನು ನಾನು ಮಕ್ಕಳಿಗೆ ಮತ್ತೆ ಮತ್ತೆ ಹೇಳಿದ್ದೇನೆ. ಚಂದಯ್ಯ ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ದಾಸೋಹ ನಡೆಸುವವನು. ಒಂದು ದಿನ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಜಾರಿ ನೀರಿಗೆ ಬೀಳುತ್ತದೆ. ಅವನು ಬಗ್ಗಿ ಎತ್ತಿಕೊಳ್ಳುವುದಿಲ್ಲ. ಹೊರೆ ಕಟ್ಟಿಕೊಂಡು ನಡೆಯುತ್ತಾನೆ, ಲಿಂಗವೇ ಅವನ ಬೆನ್ನುಹತ್ತುತ್ತದೆ. ಮಡಿವಾಳ ಮಾಚಯ್ಯ ಬಂದು ಬುದ್ಧಿ ಹೇಳಬೇಕಾಗುತ್ತದೆ. ಮಕ್ಕಳು ಈ ಕಥೆಗೆ ಬಿದ್ದು ಬಿದ್ದು ನಗುತ್ತಾರೆ. ಓಡುವ ದೇವರು! ದೊಡ್ಡವರಿಗೆ ಮಾತ್ರ ಇದು ಸ್ವಲ್ಪ ಬಿಸಿ ತುಪ್ಪ. ಲಿಂಗ ಹಿಡಿಯುವ ಕೈಗೆ ಹಗ್ಗ ಹೊಸೆಯುವ ಕೆಲಸವೂ ಇದೆ, ಕೆಲಸ ಬಿಟ್ಟು ಲಿಂಗ ಇಲ್ಲ ಎಂದು ಹೇಳಲು ಶರಣರು ತಮ್ಮ ಲಿಂಗವನ್ನೇ ನೀರಿಗೆ ಬೀಳಿಸಿದರು. ಇಂಥವರು ನಮ್ಮ ಹುಡುಗನ ಐದು ಕಾಲಿನ ಎತ್ತನ್ನು ನೋಡಿ ಸಿಟ್ಟಾಗುತ್ತಿದ್ದರೆಂದು ನಾನು ನಂಬಲಾರೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆಯೂ ನಮ್ಮಲ್ಲಿ ಅಕ್ಕಿ ಹಸನು ಮಾಡುವಾಗಲೇ ಬರುತ್ತದೆ. ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಒಂದು ದಿನ ಹೆಚ್ಚು ತಂದದ್ದಕ್ಕೆ ಹೆಂಡತಿ ತಿರುಗಿ ಹಾಕಿ ಬಾ ಎಂದು ಕಳಿಸಿದಳು. ಈ ಕಥೆಯನ್ನು ಶಾಲೆಯಲ್ಲಿ ಪಾಠವಾಗಿ ಮಾಡಿದಾಗ ಮಕ್ಕಳು 'ಆಸೆ ಪಡಬಾರದು' ಎಂದು ಬರೆದು ಅಂಕ ತೆಗೆದುಕೊಂಡರು. ಮನೆಯಲ್ಲಿ ಮೊರದ ಮುಂದೆ ಕೂತ ಮೊಮ್ಮಗಳು ಕೇಳಿದ್ದು: "ಆಯಿ, ಎಷ್ಟು ಹೆಚ್ಚು ತಂದಿದ್ದ? ಒಂದ ಮುಷ್ಟಿ ಏನ?" ಮುಷ್ಟಿ ತುಂಬಿ ತೋರಿಸಿದಳು. ಅವಳ ಮುಷ್ಟಿಯಲ್ಲಿ ಹಿಡಿದದ್ದು ಎಷ್ಟು ಅನ್ನವಾಗುತ್ತದೆಂದು ನೋಡಲು ಬೇರೆಯಾಗಿ ಬೇಯಿಸಿದೆವು. ಒಂದು ಸಣ್ಣ ವಾಟಿ ತುಂಬಿತು. ಹೆಚ್ಚು ಎಂದರೆ ಎಷ್ಟು ಎಂಬುದಕ್ಕೆ ಅವಳಿಗೀಗ ಒಂದು ಅಳತೆ ಇದೆ.

ಇಂಥ ಕೈಕಲಿಕೆಯನ್ನು ಶಾಲೆಗೆ ತರಲು ಹೊರಟ ಗಾಂಧೀಜಿ 1937ರ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯ ಹುದಲಿಗೆ ಬಂದಿದ್ದರು. ಗಂಗಾಧರರಾವ್ ದೇಶಪಾಂಡೆಯವರು ಖಾದಿ ಕೆಲಸ ಕಟ್ಟಿದ ಊರು ಅದು, ಗಾಂಧಿ ಸೇವಾ ಸಂಘದ ಸಮ್ಮೇಳನ ಅಲ್ಲಿ ನಡೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಅವರು ಹೊಸ ಶಿಕ್ಷಣದ ಯೋಜನೆ ಮುಂದಿಟ್ಟರು. ಮಗುವಿಗೆ ಅಕ್ಷರ, ಲೆಕ್ಕ, ಭೂಗೋಳ ಎಲ್ಲ ಒಂದು ಕೈಕಸುಬಿನ ಮೂಲಕವೇ ಬರಬೇಕು, ಕಸುಬು ಪಾಠದ ಜೊತೆಗಿನ ಉಪ್ಪಿನಕಾಯಿಯಲ್ಲ ಎಂಬುದು ಅದರ ತಿರುಳು. ಅದು ಬಹಳ ಕಡೆ ನಿಲ್ಲಲಿಲ್ಲ. ಓದಿದವರಿಗೆ ತಮ್ಮ ಮಕ್ಕಳು ನೂಲುವುದು ಬೇಡವಾಗಿತ್ತು, ನೂಲುವವರಿಗೆ ತಮ್ಮ ಮಕ್ಕಳು ಅದನ್ನೇ ಮಾಡುವುದು ಬೇಡವಾಗಿತ್ತು. ಇಬ್ಬರದೂ ತಪ್ಪಲ್ಲ.

ನಾನು ಕಲಿಸಿದ ಕೊನೆಯ ವರ್ಷಗಳು ನಲಿ-ಕಲಿಯವು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಪದ್ಧತಿ. ಕಲಿಕಾ ಏಣಿ, ಕಾರ್ಡು, ತಟ್ಟೆ, ಮಕ್ಕಳು ತಮ್ಮ ಗತಿಗೆ ತಕ್ಕಂತೆ ಏರುವುದು. ಒಳ್ಳೆಯದೇ, ಹಳೆಯ ಗಿಳಿಪಾಠಕ್ಕಿಂತ ಎಷ್ಟೋ ಮೇಲು. ಆದರೆ ಅಲ್ಲಿ ಮಗು ಮಾಡಿದ್ದನ್ನು ಯಾರೂ ಉಣ್ಣುವುದಿಲ್ಲ, ಯಾರೂ ಬಳಸುವುದಿಲ್ಲ. ಚಟುವಟಿಕೆ ಮುಗಿದರೆ ಕಾರ್ಡು ಪೆಟ್ಟಿಗೆಗೆ. ಮನೆಯಲ್ಲಿ ಸಣ್ಣವನು ತಟ್ಟಿದ ರೊಟ್ಟಿಯನ್ನು ಅಜ್ಜ ಉಣ್ಣಲೇಬೇಕು. ಎಸರಿನ ನೀರು ಕಡಿಮೆಯಾದರೆ ಜೋಳದ ಹಿಟ್ಟು ಜಿಗಿ ಹಿಡಿಯುವುದಿಲ್ಲ, ರೊಟ್ಟಿಯ ಅಂಚು ಹರಿಯುತ್ತದೆ, ಹಂಚಿನ ಮೇಲೆ ಉಬ್ಬುವುದಿಲ್ಲ. ಅಜ್ಜ ಏನೂ ಅನ್ನದೆ ಮುಳಗಾಯಿ ಪಲ್ಯೆ ಜಾಸ್ತಿ ಹಚ್ಚಿಕೊಂಡು ಉಂಡರು. ಹುಡುಗ ಅವರ ಬಾಯನ್ನೇ ನೋಡುತ್ತಿದ್ದ. ತಾನು ಮಾಡಿದ್ದು ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದೆ ಎಂಬ ತಿಳಿವಳಿಕೆಯನ್ನು ನಾನು ದಾಸೋಹದ ಮೊದಲ ಪಾಠ ಅನ್ನುತ್ತೇನೆ. ಸೊಸೆ ಇಲ್ಲಿ ನನ್ನ ಪಕ್ಷ.

ಇಷ್ಟರವರೆಗೆ ಹೇಳಿದ್ದನ್ನು ಓದಿ ಕೈಯೇ ಗುರು, ಕೈ ಕಲಿತದ್ದೆಲ್ಲ ಶುದ್ಧ ಎಂದು ಯಾರಾದರೂ ತಿಳಿದರೆ ತೊಂದರೆ. ನಾನು ಸಣ್ಣವಳಿದ್ದಾಗ ತವರಿನಲ್ಲಿ ಹೊಲದ ಕೆಲಸಕ್ಕೆ ಬಂದವರಲ್ಲಿ ಕೆಲವರಿಗೆ ನಮ್ಮವ್ವ ತಂಬಿಗೆಯನ್ನು ಕೈಗೆ ಕೊಡುತ್ತಿದ್ದಳು, ಕೆಲವರಿಗೆ ಮೊಳದೆತ್ತರ ಹಿಡಿದು ಸುರಿಯುತ್ತಿದ್ದಳು. ಅವರು ಬೊಗಸೆಯೊಡ್ಡಿ, ಕತ್ತು ಬಗ್ಗಿಸಿ ಕುಡಿಯುತ್ತಿದ್ದರು. ಯಾರಿಗೆ ಹೇಗೆ ಎಂದು ಅವ್ವ ನನಗೆ ಹೇಳಿಕೊಟ್ಟದ್ದೇ ಇಲ್ಲ. ಆದರೆ ಅಡಿಗೆ ಆಟ ಆಡುವಾಗ ನಾನು ಒಂದು ಗೊಂಬೆಗೆ ನೀರನ್ನು ಎತ್ತರದಿಂದ ಸುರಿಯುತ್ತಿದ್ದೆ. ಅದೇ ಅವ್ವ ರಾತ್ರಿ ಹರಳಯ್ಯನ ಕಥೆ ಹೇಳುತ್ತಿದ್ದಳು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಮಾಡಿಸಿದ್ದಕ್ಕೆ ಕಲ್ಯಾಣ ಹೊತ್ತಿ ಉರಿದದ್ದನ್ನು ಹೇಳುತ್ತ ಅವಳ ಕಣ್ಣು ತುಂಬುತ್ತಿದ್ದವು. ಆ ಕಣ್ಣೀರು ನಿಜವಾದದ್ದೇ. ಬಾಯಿ ಒಂದು ಹೇಳಿತು, ಕೈ ಇನ್ನೊಂದು ಕಲಿಸಿತು, ಮಗುವಾದ ನಾನು ಕೈಯಿಂದ ಕಲಿತೆ.

ಹೀಗಾಗಿ ನಮ್ಮಲ್ಲಿ ಈಗ ಒಂದು ಕಟ್ಟಳೆ. ಕಬ್ಬು ಕಡಿಯಲು ಬಂದವರಿರಲಿ, ಗೊಬ್ಬರ ಹೊರಲು ಬಂದವರಿರಲಿ, ನೀರು ಕೊಡುವುದು ಮಕ್ಕಳ ಕೆಲಸ. ಲೋಟವನ್ನು ಕಟ್ಟೆಯ ಮೇಲೆ ಇಟ್ಟು ಬರಬಾರದು, ಕೈಗೆ ಕೊಡಬೇಕು, ಕುಡಿದು ಕೊಟ್ಟದ್ದನ್ನು ಕೈಯಲ್ಲಿ ಇಸಿದುಕೊಂಡು ಬರಬೇಕು. ಜಾತಿ ಎಂದರೇನೆಂದು ಅವರಿಗೆ ಇನ್ನೂ ಹೇಳಿಲ್ಲ. ಹೇಳುವ ದಿನ ಬರುತ್ತದೆ, ಶಾಲೆಯ ಅರ್ಜಿಯೇ ಹೇಳಿಕೊಡುತ್ತದೆ. ಅದಕ್ಕೂ ಮೊದಲು ಕೈಗೆ ಈ ರೂಢಿ ಬಿದ್ದಿರಲಿ ಎಂದಷ್ಟೇ. ಒಂದು ಸಲ ಒಬ್ಬ ಮುದುಕ ಲೋಟ ಇಸಿದುಕೊಳ್ಳಲು ಹಿಂಜರಿದು, "ಅಲ್ಲೇ ಇಡವಾ" ಅಂದ. ಮೊಮ್ಮಗಳು ಲೋಟ ಹಿಡಿದು ನಿಂತೇ ಇದ್ದಳು. ಅವನ ಕೈಗೂ ಯಾರೋ ಸಣ್ಣಂದಿನಲ್ಲಿ ಕಲಿಸಿದ್ದಿತ್ತು.

ಸೊಸೆಯ ಪ್ರಶ್ನೆಗೆ ನನ್ನ ಉತ್ತರ ಇದು. ಕೈಮುಗಿಯುವುದು ಮಣ್ಣಿನ ಮುಂದೆಯೋ ಲಿಂಗದ ಮುಂದೆಯೋ ಎಂಬುದಕ್ಕಿಂತ, ಮುಗಿದ ಆ ಕೈ ಉಳಿದ ಹೊತ್ತಿನಲ್ಲಿ ಏನು ಮಾಡುತ್ತದೆ ಎಂಬುದು ನನಗೆ ದೊಡ್ಡದು. ನಂಬಿಕೆಯನ್ನು ಮಗುವಿಗೆ ಕಲಿಸಲು ಬರುವುದಿಲ್ಲ. ಬರುತ್ತದೆ ಅನ್ನುವವರು ಬಾಯಿಪಾಠವನ್ನು ನಂಬಿಕೆ ಎಂದು ತಿಳಿದವರು. ವಸ್ತುವನ್ನು, ಮನುಷ್ಯರನ್ನು ಹಿಡಿಯುವ ರೀತಿ ಕಲಿಸಬಹುದು. ಮಣ್ಣೆತ್ತು ಅದಕ್ಕೊಂದು ನೆಪ. ಅವಳಿಗೆ ಬೇಡವಾದರೆ ಕುಂಕುಮ ಬೇಡ, ಎಡೆ ಬೇಡ, ಆದರೆ ಎತ್ತನ್ನು ಕೊನೆಗೆ ಕಸದ ಬುಟ್ಟಿಗೆ ಹಾಕಬಾರದು ಅಂದೆ. ಅದಕ್ಕವಳು ಒಪ್ಪಿದಳು.

ಒಪ್ಪಿ ಸುಮ್ಮನಾಗುವ ಸ್ವಭಾವ ಅವಳದಲ್ಲ. ನಮ್ಮ ವಾದ ಈಗ ಹುಡುಗನ ಲಿಂಗದೀಕ್ಷೆಗೆ ತಿರುಗಿದೆ. ಹುಟ್ಟಿದಾಗ ಕಟ್ಟಿದ ಲಿಂಗ ಬೇರೆ, ಗುರುವಿನಿಂದ ದೀಕ್ಷೆ ಪಡೆದು ದಿನಾ ಪೂಜೆಗೆ ಕೂಡುವುದು ಬೇರೆ. ಬುದ್ಧಿ ಬಲಿಯುವ ಮುಂಚೆಯೇ ಆಗಲಿ, ಕೈಗೆ ರೂಢಿ ಬೀಳಲಿ ಎಂಬುದು ನನ್ನ ಮಾತು. ಅವಳು ನನ್ನ ವಾದವನ್ನೇ ನನಗೆ ತಿರುಗಿಸಿದಳು: "ಸಣ್ಣಂದಿನಾಗ ಕೈ ಕಲ್ತದ್ದು ಬಿಟ್ಟು ಹೋಗೂದಿಲ್ಲಂತ ನೀವ ಅಂತೀರಿ. ಹಂಗಿದ್ರ ಅವನ್ನ ಕೇಳ್ದನ ಕಟ್ಟೂದು ಹೆಂಗ ಸರಿ ಆಗತೈತ್ರಿ? ನಾಳೆ ಬ್ಯಾಡನ್ನೂ ಹಕ್ಕು ಅವಗ ಉಳಿಬೇಕಲ್ಲ." ನೀರು ಕೊಡುವ ರೂಢಿಯನ್ನೂ ಅವನನ್ನು ಕೇಳಿ ಹಾಕಿಲ್ಲವಲ್ಲ ಅಂದೆ. ಅದು ಬೇರೆ, ಇದು ಬೇರೆ ಅಂದಳು. ಮನುಷ್ಯನನ್ನು ಮನುಷ್ಯನ ಹಾಗೆ ಕಾಣುವುದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ದೇವರನ್ನು ಹಿಡಿಯಲು ಹಿಡಿಯುವವನ ಒಪ್ಪಿಗೆ ಬೇಕು ಎಂಬುದು ಅವಳ ಲೆಕ್ಕ. ಅಲ್ಲಮನ ವಚನಗಳನ್ನು ನನಗಿಂತ ಹೆಚ್ಚು ಓದಿದ್ದಾಳೆ.

ಸದ್ಯ ನಾನು ಪೂಜೆಗೆ ಕೂತಾಗ ಅವನೂ ಪಕ್ಕದಲ್ಲಿ ಕೂಡುತ್ತಾನೆ, ತನಗೂ ಕೊಡೆಂದು ಎಡಗೈ ಚಾಚುತ್ತಾನೆ. ಅಂಗೈ ಒಂದು ನಿಮಿಷ ಅಲ್ಲಾಡದೆ ನಿಲ್ಲುವುದಿಲ್ಲ, ನಡುವೆ ಇರುವೆ ಕಂಡರೆ ಎದ್ದೇ ಹೋಗುತ್ತಾನೆ. ದೀಕ್ಷೆಯ ಮಾತು ಮುಂದಿನ ವರ್ಷಕ್ಕೆ ಹೋಗಿದೆ. ಮುಂದಿನ ವರ್ಷವೂ ಸೊಸೆ ಇದೇ ಪ್ರಶ್ನೆ ಹಿಡಿದು ಬರುತ್ತಾಳೆ. ಅಷ್ಟರೊಳಗೆ ನಾನೂ ಅಲ್ಲಮನನ್ನು ಇನ್ನೊಮ್ಮೆ ಓದಿಕೊಳ್ಳಬೇಕಾಗಿದೆ.